ನಲವತ್ತೊಂದು ಸೈಕಲ್, ಎರಡು ಸಹಿ

ಕೈ ಮುರಿದುಕೊಂಡವಳು ಒಂಬತ್ತನೆಯ ತರಗತಿಯ ಹುಡುಗಿ. ಅವಳನ್ನು ಕೆಡವಿದ್ದು ಸೈಕಲ್ ಅಲ್ಲ, ಕಬ್ಬಿನ ಟ್ರ್ಯಾಕ್ಟರ್. ತುಂಬಿದ ಟ್ರಾಲಿಯ ಹಿಂದೆ ಜೋತಾಡುವ ಸರಪಳಿಯನ್ನು ಒಂದು ಕೈಯಲ್ಲಿ ಹಿಡಿದು, ಪೆಡಲ್ ತುಳಿಯದೆ ಏರು ಹತ್ತುವುದು ಕಮಲಾಪುರದ ಸುತ್ತಿನ ಮಕ್ಕಳು ತಾವೇ ಕಂಡುಕೊಂಡ ವಿದ್ಯೆ. ಆ ದಿನ ಟ್ರ್ಯಾಕ್ಟರ್ ಗಕ್ಕನೆ ನಿಂತಿತು, ಹುಡುಗಿ ನಿಲ್ಲಲಿಲ್ಲ. ಮೊಣಕೈ ಮೇಲಿನ ಎಲುಬು ಮುರಿದು ಕಲಬುರಗಿಯ ಆಸ್ಪತ್ರೆ ಸೇರಿದಳು.

ಮರುದಿನ ಪ್ರಾರ್ಥನೆ ಮುಗಿದದ್ದೇ ತಡ, ಮುಖ್ಯಗುರುಗಳು ನನ್ನನ್ನು ಒಳಗೆ ಕರೆದರು. ನಾನು ಆ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಕಮಲಾಪುರಕ್ಕೆ ಬಂದು ಹೋಗುವವಳು. ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸ ಕೊನೆಗೆ ಸೀಟಿ ಊದುವವರ ಕೊರಳಿಗೇ ಬೀಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

“ಮೇಡಂ, ಶಾಲಾ ಸಮಿತಿ ಅಧ್ಯಕ್ಷರು ಮುಂಜಾನಿಂದ ಎರಡು ಸಲ ಫೋನ್ ಮಾಡ್ಯಾರ್ರೀ,” ಎಂದರು ಮುಖ್ಯಗುರುಗಳು. “ಹೆಣ್ಣುಹುಡುಗ್ಯಾರ ಸೈಕಲ್ ಬಂದ್ ಮಾಡ್ರಿ ಅನ್ನಾಕತ್ತಾರ.”

“ಗಂಡು ಹುಡುಗ್ರದು?”

“ಅವ್ರು ಸಂಭಾಳಿಸ್ಕೋತಾರ ಅಂತ್ರೀ.”

ನನಗೆ ಪಿತ್ತ ನೆತ್ತಿಗೇರಿತು. ಹಿಂದಿನ ವಾರವಷ್ಟೇ ಅದೇ ಸರಪಳಿ ಹಿಡಿದು ಹೊರಟಿದ್ದ ನಾಲ್ಕು ಹುಡುಗರ ಕಿವಿ ಹಿಂಡಿದ್ದೆ. “ನೆಗಡಿ ಬಂತಂತ ಮೂಗು ಕೊಯ್ಕೊಂಡಂಗ ಆತಲ್ರೀ ಸರ್ ಇದು!” ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಪಕ್ಕದ ಕೋಣೆಯಲ್ಲಿ ಪಾಠ ನಿಂತಿತು.

ಕೈ ಮುರಿದವಳನ್ನು ಬಿಟ್ಟು ನಮ್ಮ ಶಾಲೆಗೆ ಸೈಕಲ್ ಮೇಲೆ ಬರುವ ಹುಡುಗಿಯರು ನಲವತ್ತೊಂದು ಜನ. ಸುತ್ತಲಿನ ಹಳ್ಳಿಗಳಿಂದ, ತಾಂಡಾಗಳಿಂದ ಬರುವವರು. ಸರ್ಕಾರ ಸೈಕಲ್ ಕೊಡುತ್ತಿದ್ದ ಕಾಲ ಮುಗಿದಿತ್ತು. ಇವರು ತುಳಿಯುತ್ತಿದ್ದವು ಅಕ್ಕಂದಿರು ಬಿಟ್ಟವು, ಅಣ್ಣಂದಿರು ಬೇಡವೆಂದವು. ಅವರ ಊರುಗಳಿಗೆ ಬೆಳಗಿನ ಬಸ್ಸು ಶಾಲೆಗಿಂತ ಎರಡು ತಾಸು ಮೊದಲು, ಸಂಜೆಯದು ಇಲ್ಲವೇ ಇಲ್ಲ. ಸೈಕಲ್ ನಿಂತರೆ ಇವರಲ್ಲಿ ಅರ್ಧಕ್ಕರ್ಧ ಹುಡುಗಿಯರು ಮನೆಯಲ್ಲೇ ಕುಳಿತುಬಿಡುತ್ತಾರೆ. ಒಮ್ಮೆ ಕುಳಿತ ಹುಡುಗಿಯನ್ನು ಮತ್ತೆ ಎಬ್ಬಿಸಿಕೊಂಡು ಬರುವುದು ಎಷ್ಟು ಕಷ್ಟ ಎಂದು ಮನೆ ಮನೆ ಅಲೆದ ನನಗೆ ತಿಳಿದಿತ್ತು.

ಅದನ್ನೇ ಹೇಳಿದೆ. ಮುಖ್ಯಗುರುಗಳು ಒಳ್ಳೆಯವರು, ಆದರೆ ನಿವೃತ್ತಿಗೆ ಎರಡೇ ತಿಂಗಳಿದ್ದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ಒಂದು ತಿಂಗಳು ಕೊಡ್ತೀನ್ರಿ,” ಎಂದರು. “ನಿಯಮ ಬರೀರಿ, ಸೈಕಲ್ ತಪಾಸಣಿ ಮಾಡ್ರಿ, ಹುಡುಗ್ಯಾರಿಗಿ ಕಲಸ್ರಿ. ತಿಂಗಳಾದ ಮ್ಯಾಲ ವರದಿ ಕೊಡ್ರಿ. ವರದಿ ನೋಡಿ ಸಮಿತಿ ಏನು ಹೇಳ್ತದೋ ಅದು.”

ಆ ಸಂಜೆ ಬಸ್ಸಿನಲ್ಲಿ ಇದನ್ನೆಲ್ಲ ಮೊದಲು ಹೇಳಿದ್ದು ಅಕ್ಕನಿಗೆ. ಅಕ್ಕ ನಮ್ಮ ಶಾಲೆಯ ಕನ್ನಡ ಶಿಕ್ಷಕಿ, ನನಗಿಂತ ಹತ್ತು ವರ್ಷ ದೊಡ್ಡವರು, ಒಡಹುಟ್ಟಿದವರಲ್ಲ. ಹನ್ನೊಂದು ವರ್ಷ ಒಂದೇ ಸೀಟಿನಲ್ಲಿ ಓಡಾಡಿದವರು ನಾವು. ಅವರ ಡಬ್ಬಿಯ ಶೇಂಗಾ ಹಿಂಡಿ ನನ್ನ ರೊಟ್ಟಿಗೆ, ನನ್ನ ಡಬ್ಬಿಯ ಪುಂಡಿಪಲ್ಯ ಅವರ ರೊಟ್ಟಿಗೆ. ನಮ್ಮವ್ವ ಆಸ್ಪತ್ರೆಯಲ್ಲಿದ್ದಾಗ ರಜೆ ಹಾಕಿ ಬಂದು ಕುಳಿತದ್ದು ಸ್ವಂತ ತಂಗಿಯರಲ್ಲ, ಅವರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಶಾಲೆಯಿಂದ ಹೊರಗೆ ಹೋಗುವ ಪ್ರತಿ ಕಾಗದವೂ ಅವರ ಕೈಯಿಂದಲೇ ಆಗಬೇಕು. ನನ್ನದು ಕೋಳಿ ಕೆದರಿದಂಥ ಅಕ್ಷರ.

“ನೀ ಹೇಳ್ತಾ ಹೋಗು ತಂಗಿ, ನಾ ಬರೀತೀನಿ,” ಎಂದು ಚೀಲದಿಂದ ನೋಟುಬುಕ್ ತೆಗೆದರು.

“ರಸ್ತಾದ ಎಡಕ್ಕ, ಒಬ್ಬರ ಹಿಂದ ಒಬ್ಬರು ಹೋಗಬೇಕು,” ಎಂದು ನಾನು ಹೇಳುತ್ತಿದ್ದೆ. ಅವರು “ಹೋಗತಕ್ಕದ್ದು” ಎಂದು ಬರೆಯುತ್ತಿದ್ದರು.

“ಅಕ್ಕಾ, ಹುಡುಗ್ಯಾರಿಗಿ ತಿಳಿಯಂಗ ಬರೀರಿ. ತಕ್ಕದ್ದು ಪಕ್ಕದ್ದು ಯಾಕ?”

“ತಕ್ಕದ್ದು ಅಂದ್ರ ಸಮಿತಿಯವ್ರು ಅಂಜತಾರ. ಹುಡುಗ್ಯಾರಿಗಿ ನೀ ಬಾಯಿಲೆ ಹೇಳು.”

ಇಬ್ಬರೂ ನಕ್ಕೆವು. ಕಲಬುರಗಿ ಮುಟ್ಟುವಷ್ಟರಲ್ಲಿ ಹನ್ನೆರಡು ನಿಯಮಗಳಾದವು. ಚಲಿಸುವ ಯಾವ ವಾಹನವನ್ನೂ ಹಿಡಿಯಬಾರದು. ಡಬಲ್ ಸವಾರಿ ಇಲ್ಲ. ಚೀಲ ಹ್ಯಾಂಡಲ್‌ಗೆ ತೂಗುಬಿಡದೆ ಕ್ಯಾರಿಯರ್‌ಗೆ ಬಿಗಿಯಬೇಕು. ಓಢಣಿ ಹಿಂದೆ ಹಾರಾಡದಂತೆ ಸೊಂಟಕ್ಕೆ ಸುತ್ತಿ ಗಂಟು ಹಾಕಬೇಕು. ಚಕ್ರಕ್ಕೆ ಓಢಣಿ ಸಿಕ್ಕು ಬಿದ್ದವರನ್ನು ಕಣ್ಣಾರೆ ಕಂಡಿದ್ದೇನೆ. ತಿರುಗುವ ಮೊದಲು ಕೈ ಚಾಚಿ ತೋರಿಸಬೇಕು. ಹೆದ್ದಾರಿಯನ್ನು ಎಂದಿಗೂ ತುಳಿದುಕೊಂಡು ದಾಟಬಾರದು, ಇಳಿದು ದೂಡಿಕೊಂಡೇ ದಾಟಬೇಕು. ಸೈಕಲ್‌ಗೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ರಸ್ತೆ ನಮ್ಮಪ್ಪಂದು ಎಂದಾಗುವುದಿಲ್ಲವಲ್ಲ.

ನಿಯಮ ಬರೆದದ್ದಾಯಿತು. ಆದರೆ ಸೈಕಲ್ ತಪಾಸಣೆ ಹೇಗೆ ಮಾಡಬೇಕು? ನನಗೆ ತುಳಿಯುವುದು ಗೊತ್ತು, ಬಿಚ್ಚುವುದು ಗೊತ್ತಿಲ್ಲ. ಕಲಬುರಗಿಯ ರೋಜಾ ಬಡಾವಣೆಯಲ್ಲಿ ದರ್ಗಾಕ್ಕೆ ಹೋಗುವ ದಾರಿಯ ಒಂದು ಸಂದಿಯಲ್ಲಿ ಹಳೆಯ ಸೈಕಲ್ ಮಿಸ್ತ್ರಿಯೊಬ್ಬರಿದ್ದರು. ಓಣಿಗೆಲ್ಲ ಅವರು ಉಸ್ತಾದ್. ಎರಡು ಭಾನುವಾರ ಅವರ ಅಂಗಡಿಯಲ್ಲಿ ಗೋಣಿಚೀಲದ ಮೇಲೆ ಕುಳಿತೆ. ಚೈನಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದು ಬೆರಳಿನಷ್ಟೇ ಇಳಿಯಬೇಕು. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿದರೆ ಅಲುಗಬಾರದು. ಬ್ರೇಕ್ ಪೂರ್ತಿ ಒತ್ತಿದಾಗಲೂ ಹಿಡಿಕೆಗೂ ಹ್ಯಾಂಡಲ್‌ಗೂ ನಡುವೆ ಎರಡು ಬೆರಳು ಹಿಡಿಸಬೇಕು.

“ಬ್ರೇಕ್ ಹಿಡೀತದೇನು ಅಂತ ಎಲ್ಲಾರೂ ನೋಡ್ತಾರ್ರಿ ಮೇಡಂ,” ಎಂದರು ಉಸ್ತಾದ್. “ಹಿಡದ ಮ್ಯಾಲ ಬಿಡ್ತದೇನು ಅಂತ ಕೋಯಿ ನೋಡಂಗಿಲ್ಲ. ಅರ್ಧಾ ಹಿಡಕೊಂಡ ಬ್ರೇಕ್ ಬಚ್ಚಿಗಿ ದಣಸ್ತದ. ದಣದ ಬಚ್ಚಿ ಟ್ರಾಲಿ ಹಿಡೀತಾಳ. ಸಮಝೇ?”

ಸಮಝಾಯಿತು. ಅಷ್ಟು ವರ್ಷ ಮಕ್ಕಳ ಕಿವಿ ಹಿಂಡಿದ್ದಕ್ಕೆ ನಾಚಿಕೆಯೂ ಆಯಿತು.

ಉಸ್ತಾದರ ಅಂಗಡಿಯ ಗೋಡೆಗೆ ಒಂದು ಪಾಟಿ ತೂಗುಹಾಕಿತ್ತು. ಬಂದ ಸೈಕಲ್ಲಿನ ಕೆಡುಕು ಅದರ ಮೇಲೆ ಬರೆಯುವರು. ಸುಧಾರಿಸಿದ ಮೇಲೆ ಸೈಕಲ್ಲಿನ ಹಿಂದಿನ ಮಡ್‌ಗಾರ್ಡ್ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುವರು. “ಸುಧಾರಿಸಿದ್ದು ಪಾಟಿ ಮ್ಯಾಲ ಬರಿಯಂಗಿಲ್ಲೇನ್ರಿ?” ಎಂದು ಕೇಳಿದೆ. “ಯಾಕ ಬರೀಬೇಕ್ರಿ? ಗಾಡಿ ಓಡ್ತದಲ್ಲ, ಅದಾ ಜವಾಬ್,” ಎಂದರು. ನನಗೆ ಆ ಪದ್ಧತಿ ಬಹಳ ಹಿಡಿಸಿತು. ಉಸ್ತಾದರು ಹಳೆಯ ಡಬ್ಬಿಯೊಂದರಲ್ಲಿ ಬ್ರೇಕ್ ರಬ್ಬರ್ ತುಂಬಿ, ನಟ್ಟು ಬಿಚ್ಚುವ ಎರಡು ಪಾನಾ ಜೊತೆಗಿಟ್ಟು ಕಳಿಸಿದರು. ಲಾರಿಗೆ ಅಂಟಿಸುವ ಹೊಳೆಯುವ ಪಟ್ಟಿಯನ್ನು ಸೈಕಲ್‌ಗಳ ಹಿಂದೆ ಅಂಟಿಸಲೆಂದು ನೆಹರು ಗಂಜ್ ಬಳಿ ಕೊಂಡುಕೊಂಡೆ.

ಮೊದಲ ದಿನದ ತಪಾಸಣೆಯಲ್ಲಿ ನಲವತ್ತೊಂದರಲ್ಲಿ ಇಪ್ಪತ್ತೊಂಬತ್ತು ನಪಾಸಾದವು. ಒಂದೊಂದರ ಕೆಡುಕನ್ನೂ ರಿಜಿಸ್ಟರ್‌ನಲ್ಲಿ ಬರೆದೆ. ಬ್ರೇಕ್ ಇಲ್ಲ, ಚೈನ್ ಸಡಿಲ, ಕಡ್ಡಿ ಮುರಿದಿದೆ, ಗಂಟೆ ಸದ್ದು ಮಾಡುವುದಿಲ್ಲ. ಕೆಟ್ಟ ಸೈಕಲ್ ಶಾಲೆಯಲ್ಲೇ ಇರಲಿ ಎಂದು ಹುಕುಂ ಮಾಡಿ, ಹುಡುಗಿಯರನ್ನು ಟಂಟಂ ಆಟೋದಲ್ಲಿ ತುಂಬಿಸಿ ಮನೆಗೆ ಕಳಿಸಿದೆ. ಬಹಳ ಶಿಸ್ತಿನ ಕೆಲಸ ಮಾಡಿದೆ ಎಂದು ಬೀಗುತ್ತಾ ಬಸ್ ಹತ್ತಿದೆ. ಮರುದಿನ ಅವರಲ್ಲಿ ಹನ್ನೊಂದು ಹುಡುಗಿಯರು ಶಾಲೆಗೇ ಬರಲಿಲ್ಲ. ಬರುವುದು ಹೇಗೆ, ಸೈಕಲ್ ನಾನೇ ಇಟ್ಟುಕೊಂಡಿದ್ದೆನಲ್ಲ!

ನನ್ನ ತಲೆ ನಾನೇ ಬಡಿದುಕೊಂಡೆ. ಅಂದೇ ಪದ್ಧತಿ ಬದಲಿಸಿದೆ. ಬೆಳಿಗ್ಗೆ ಕಂಡ ಕೆಡುಕು ಸಂಜೆಯೊಳಗೆ ಸರಿಯಾಗಬೇಕು, ಯಾವ ಸೈಕಲ್ಲೂ ಶಾಲೆಯಲ್ಲಿ ಉಳಿಯಬಾರದು. ಬೇವಿನ ಗಿಡದ ಕೆಳಗೆ ನಾನು, ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಪಾನಾ ಹಿಡಿದು ಕೂರುತ್ತಿದ್ದೆವು. ಸರಿಯಾದದ್ದರ ಮಡ್‌ಗಾರ್ಡ್ ಮೇಲೆ, ಉಸ್ತಾದರ ಹಾಗೆ, ಸೀಮೆಸುಣ್ಣದ ಗೀಟು. ಗೀಟು ಇದ್ದರಷ್ಟೇ ಗೇಟು ದಾಟಬೇಕು. ಅಕ್ಕ ಊಟದ ಬಿಡುವಿನಲ್ಲಿ ಬಂದು ಪಕ್ಕದಲ್ಲಿ ನಿಂತು, ನಾನು ಕರಿಮಸಿಯ ಕೈ ಚಾಚಿದಾಗ ಸೀಮೆಸುಣ್ಣ ಕೊಡುತ್ತಿದ್ದರು. ಎಷ್ಟೋ ಗೀಟುಗಳನ್ನು ಅವರೇ ಎಳೆದರು.

ಮರುದಿನ ಬಾರದಿದ್ದ ಆ ಹನ್ನೊಂದು ಹುಡುಗಿಯರಲ್ಲಿ ಒಬ್ಬಳು ತಾಂಡಾದವಳು. ಎಂಟನೆಯ ತರಗತಿ, ಆರು ಕಿಲೋಮೀಟರ್ ದಾರಿ, ಅಣ್ಣನ ದೊಡ್ಡ ಸೈಕಲ್. ಸೀಟಿನ ಮೇಲೆ ಕುಳಿತರೆ ಅವಳ ಕಾಲು ನೆಲ ಮುಟ್ಟುತ್ತಿರಲಿಲ್ಲ. ಹಿಂದಿನ ಬ್ರೇಕ್‌ನ ತಂತಿ ಕಿತ್ತುಹೋಗಿ ಅದರ ಜಾಗದಲ್ಲಿ ಸುತಲಿ ಹಗ್ಗ ಕಟ್ಟಿದ್ದಳು.

“ಇದೇನವ್ವಾ ಇದು?”

“ಸುತಲಿ ಎಳದ್ರ ನಿಂದರತದ್ರೀ ಮೇಡಂ.”

“ಮಳಿ ಬಂದ್ರ?”

“ಮಳಿ ಬಂದ್ರ ಕಾಲ್ಲೆ ನಿಂದರಸ್ತೀನ್ರಿ.”

ನಗು ಬಂತು, ಆಮೇಲೆ ಬೈದೆ. ಸೀಟು ಇಳಿಸಿದೆವು, ತಂತಿ ಹೊಸದು ಹಾಕಿದೆವು, ಎರಡೂ ಬ್ರೇಕ್‌ಗೆ ರಬ್ಬರ್ ಹಾಕಿದೆವು. ಅವಳು ಮೈದಾನದಲ್ಲಿ ಒಂದು ಸುತ್ತು ಹೊಡೆದು ಬಂದು, “ಮೇಡಂ, ಇದು ನಮ್ಮ ಸೈಕಲ್ ಅಲ್ರೀ, ಹಗುರ ಆಗ್ಯಾದ!” ಎಂದು ಕೂಗಿದಳು. ಉಸ್ತಾದರ ಮಾತು ಸುಳ್ಳಾಗಿರಲಿಲ್ಲ. ಬಿಗಿದ ಸುತಲಿ ಬ್ರೇಕನ್ನು ಪೂರ್ತಿ ಬಿಡುತ್ತಿರಲಿಲ್ಲ, ಅಷ್ಟು ದಿನ ಅವಳು ಅರ್ಧ ಬ್ರೇಕ್ ಹಿಡಿದೇ ಆರು ಕಿಲೋಮೀಟರ್ ತುಳಿಯುತ್ತಿದ್ದಳು.

ಇನ್ನು ರಸ್ತೆಯ ಪಾಠ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎರಡು ಗೆರೆ ಎಳೆದು, ಮೊದಲ ಗೆರೆಯಲ್ಲಿ ಬ್ರೇಕ್ ಒತ್ತಿದರೆ ಎರಡನೆಯದನ್ನು ದಾಟದೆ ನಿಲ್ಲಬೇಕು. ಒಂದು ವಾರ ಅದೇ ಕೆಲಸ. ಆಮೇಲೆ ಎಂಟೆಂಟು ಜನರ ಗುಂಪು ಮಾಡಿ ಹೆದ್ದಾರಿಗೆ ಕರೆದೊಯ್ದೆ. ಮುಂದೆ ಒಬ್ಬಳು ದಾರಿ ನೋಡುವವಳು, ಹಿಂದೆ ಒಬ್ಬಳು ಸೀಟಿ ಹಿಡಿದವಳು. ಹಿಂದಿನಿಂದ ಗಾಡಿ ಬಂದರೆ ಒಂದು ಸೀಟಿ, ಯಾರಾದರೂ ಸಾಲು ತಪ್ಪಿದರೆ ಎರಡು. ತಾಂಡಾದ ಹುಡುಗಿಗೆ ಆ ಹಿಂದಿನ ಜಾಗ ಕೊಟ್ಟೆ. ಬಾಯಲ್ಲಿ ಸೀಟಿ ಕಚ್ಚಿಕೊಂಡು ತನಗಿಂತ ದೊಡ್ಡ ಹುಡುಗಿಯರನ್ನು ದನ ಹೊಡೆದಂತೆ ಹೊಡೆದುಕೊಂಡು ಹೋಗುತ್ತಿದ್ದಳು. ಹೆದ್ದಾರಿಯ ಅಂಚಿನಲ್ಲಿ ಕೆಂಪು ಬಾಳೆಹಣ್ಣು ಮಾರುವ ಮುದುಕಿ “ಬಂತು ನೋಡ್ರಿ ಪೊಲೀಸ್ ಪಾರ್ಟಿ” ಎಂದು ನಗುತ್ತಿದ್ದಳು.

ಟ್ರ್ಯಾಕ್ಟರ್‌ನವರೊಂದಿಗೂ ಒಂದು ಜಗಳವಾಯಿತು. ಏರಿನಲ್ಲಿ ಒಂದನ್ನು ಅಡ್ಡ ನಿಂತು ತಡೆದೆ. “ಏ ತಮ್ಮಾ, ನಿನ್ನ ಟ್ರಾಲಿ ಹಿಂದ ಇನ್ನೊಮ್ಮೆ ನನ್ನ ಹುಡುಗಿ ಜೋತು ಬಿದ್ದದ್ದು ಕಂಡ್ರ ನಿನಗ ಮೈದಾನದಾಗ ಇಪ್ಪತ್ತು ಸುತ್ತು ಓಡಸ್ತೀನಿ!” ಎಂದೆ.

“ಮೇಡಮ್ಮಾರ, ಹಿಂದ ಯಾರು ಹಿಡದಾರ ಅಂತ ನನಗರೆ ಹ್ಯಾಂಗ ಕಾಣಬೇಕ್ರೀ?” ಎಂದ ಅವನು. ಮಾತು ಖರೆ. ಇಬ್ಬರೂ ಹಿಂದೆ ಹೋಗಿ ನೋಡಿದೆವು. ಜೋತಾಡುವ ಆ ಸರಪಳಿಯನ್ನು ಮೇಲೆತ್ತಿ ಕಟ್ಟಿಬಿಟ್ಟರೆ ಹಿಡಿಯಲು ಏನೂ ಸಿಗುವುದಿಲ್ಲ. ಅವನೇ ಕಟ್ಟಿದ, ಉಳಿದವರಿಗೂ ಹೇಳಿದ. ಹನ್ನೆರಡು ನಿಯಮ ಮಾಡದ ಕೆಲಸವನ್ನು ಅದೊಂದು ಗಂಟು ಮಾಡಿತು.

ತಿಂಗಳು ಮುಗಿಯಿತು. ಒಬ್ಬಳೂ ಬೀಳಲಿಲ್ಲ. ನಾನು ವರದಿಯ ಕಚ್ಚಾ ಪ್ರತಿ ಬರೆದೆ. “ಕಂಡ ದೋಷಗಳನ್ನು ಅಂದಂದೇ ಸರಿಪಡಿಸಲಾಗಿದೆ. ನಿಯಮ ಪಾಲಿಸಿ ವಿದ್ಯಾರ್ಥಿನಿಯರು ಸೈಕಲ್ ಸವಾರಿ ಮುಂದುವರಿಸಬಹುದು” ಎಂಬುದು ಅದರ ಕೊನೆಯ ಸಾಲು. ನನ್ನ ಕೋಳಿ ಅಕ್ಷರ ಸಮಿತಿಯ ಮುಂದೆ ಹೋಗುವುದು ಬೇಡವೆಂದು ಅಕ್ಕ ಕಚ್ಚಾ ಪ್ರತಿಯನ್ನೂ ರಿಜಿಸ್ಟರನ್ನೂ ಮನೆಗೆ ಒಯ್ದರು. ಮರುದಿನ ಬೆಳಗಿನ ಬಸ್ಸಿನಲ್ಲಿ ನಾಲ್ಕು ಹಾಳೆಯ ಚೊಕ್ಕ ಪ್ರತಿ ತಂದರು. ಬಸ್ ಕುಲುಕುತ್ತಿತ್ತು. “ಎಲ್ಲಿ ಅಕ್ಕಾ?” ಎಂದೆ. ಬೆರಳಿಟ್ಟು ತೋರಿಸಿದರು. ಅವರು ತೋರಿಸಿದಲ್ಲಿ ಸಹಿ ಮಾಡಿ, ಅವರ ಡಬ್ಬಿ ತೆಗೆದು ಒಂದು ಶೇಂಗಾ ಹೋಳಿಗೆ ತಿಂದೆ. ಓದಲಿಲ್ಲ. ಅಕ್ಕ ಬರೆದದ್ದನ್ನು ಓದುವುದೆಂದರೆ ಅವರನ್ನು ಅನುಮಾನಿಸಿದಂತೆ ಎಂದು ನಾನು ತಿಳಿದಿದ್ದೆ.

ಶನಿವಾರ ಮಧ್ಯಾಹ್ನ ಸಭೆ. ಅಧ್ಯಕ್ಷರು, ಐದಾರು ಪಾಲಕರು, ಮುಖ್ಯಗುರುಗಳು, ನಾವಿಬ್ಬರು. ಅಧ್ಯಕ್ಷರು ವರದಿ ಓದಿದರು. ಯಾವ ದಿನ ಯಾವ ಸೈಕಲ್‌ಗೆ ಬ್ರೇಕ್ ಇರಲಿಲ್ಲ, ಯಾವುದಕ್ಕೆ ಚೈನ್ ಸಡಿಲ, ಎಲ್ಲ ಸಾಲುಸಾಲಾಗಿ ಬಂತು. ನಾನು ಕೊನೆಯ ಸಾಲಿಗೆ ಕಾಯುತ್ತಿದ್ದೆ. ಅದು ಬಂತು. “ಮೇಲ್ಕಂಡ ದೋಷಗಳನ್ನು ಪರಿಶೀಲಿಸಲಾಗಿ, ವಿದ್ಯಾರ್ಥಿನಿಯರ ಸೈಕಲ್ ಸವಾರಿಯು ಅಪಾಯಕಾರಿಯೆಂದು ಕಂಡುಬಂದಿರುತ್ತದೆ.”

“ಇದು ನಾ ಬರದದ್ದಲ್ರೀ!” ಎಂದು ಎದ್ದುನಿಂತೆ.

ಅಧ್ಯಕ್ಷರು ಹಾಳೆ ತಿರುಗಿಸಿ ತೋರಿಸಿದರು. “ಸಹಿ ನಿಮ್ದಲ್ಲೇನ್ರಿ?”

“ನಂದ.”

“ಮತ್ತ?”

ನಾನು ಅಕ್ಕನ ಕಡೆ ನೋಡಿದೆ. ಅವರು ಸೀರೆಯ ನೆರಿಗೆ ನೋಡುತ್ತಿದ್ದರು. “ಅಕ್ಕಾ, ಹೇಳ್ರಿ. ಅಂದಂದ ರಿಪೇರಿ ಮಾಡೀವಿ ಅಂತ ಹೇಳ್ರಿ.”

ಅವರು ತಲೆ ಎತ್ತದೆ ಹೇಳಿದರು: “ರಿಜಿಸ್ಟರ್‌ದಾಗ ಇದ್ದದ್ದನ್ನ ನಾ ಇಳಿಸೀನಿ. ರಿಪೇರಿ ಆಗ್ಯಾವ ಅಂತ ಅದರಾಗ ಎಲ್ಲಿ ಅದ, ತೋರಸು.”

ರಿಜಿಸ್ಟರ್ ಮೇಜಿನ ಮೇಲೇ ಇತ್ತು. ಅದರಲ್ಲಿ ಎಲ್ಲೂ ಇರಲಿಲ್ಲ. ಉಸ್ತಾದರು ತಮ್ಮ ಪಾಟಿಯನ್ನು ದಿನಾ ಸಂಜೆ ಒರೆಸುತ್ತಿದ್ದರು. ನಾನು ಕೆಡುಕನ್ನು ಇಂಕಿನಲ್ಲಿ ಬರೆದು, ಸುಧಾರಣೆಯನ್ನು ಸುಣ್ಣದಲ್ಲಿ ಗೀಚಿ, ಗಾಳಿಗೆ ಬಿಟ್ಟಿದ್ದೆ. ಕಾಗದದ ಮೇಲೆ ನನ್ನ ಇಪ್ಪತ್ತೊಂಬತ್ತು ಸೈಕಲ್‌ಗಳೂ ಇನ್ನೂ ಮುರಿದೇ ನಿಂತಿದ್ದವು. ಅದು ನನ್ನ ದಡ್ಡತನ, ಒಪ್ಪುತ್ತೇನೆ. ಆದರೆ ಸೀಮೆಸುಣ್ಣ ಕೊಟ್ಟ ಕೈ ಯಾವುದು? ಈ ಹೆಂಗಸು ತಾನೇ ಎಳೆದ ಗೀಟುಗಳನ್ನು ನಾಲ್ಕು ಜನರ ಮುಂದೆ ಇಲ್ಲವೆಂದಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಇಲ್ಲಿಂದ ಮುಂದೆ ಅವರನ್ನು ಕನ್ನಡ ಶಿಕ್ಷಕಿ ಎಂದೇ ಬರೆಯುತ್ತೇನೆ. ಅಕ್ಕ ಎಂದು ಬರೆಯಲು ಕೈ ಏಳುವುದಿಲ್ಲ.

ಮುಖ್ಯಗುರುಗಳು ಗಂಟಲು ಸರಿಮಾಡಿಕೊಂಡರು. “ನಾ ರಿಟೈರ್ ಆದ ಮ್ಯಾಲ ಇನ್‌ಚಾರ್ಜ್ ಇವರ ಇರ್ತಾರ. ಅವರ ಅಭಿಪ್ರಾಯನೂ ಬಂದ್ ಮಾಡೂದು ಚಲೋ ಅಂತದ,” ಎಂದು ಕನ್ನಡ ಶಿಕ್ಷಕಿಯ ಕಡೆ ಕೈ ತೋರಿಸಿದರು. ಆ ಸುದ್ದಿ ನನಗೆ ಹೊಸದು. ದಿನಾ ಎರಡು ತಾಸು ಪಕ್ಕದಲ್ಲಿ ಕುಳಿತವಳಿಗೆ ಹೊಸದು! ಚಹಾ ಬಂತು. ನಾನು ಅವರನ್ನು ವರಾಂಡಕ್ಕೆ ಕರೆದೆ.

“ಯಾವಾಗಿಂದ ಗೊತ್ತಿತ್ತು ನಿಮಗ?”

“ಹದಿನೈದು ದಿನಾತು.”

“ನನಗ ಒಂದು ಮಾತು ಹೇಳಬೇಕಿತ್ತಲ್ರೀ.”

“ನೀ ಸೀಟಿ ಊದಾಕಿ, ತಂಗಿ. ನಾಳಿ ಒಂದು ಹುಡುಗಿ ಲಾರಿ ಕೆಳಗ ಬಿದ್ರ ಜವಾಬು ಕೊಡಾಕಿ ನಾ. ನನಗ ಇನ್ನಾ ನಾಕು ವರ್ಷ ಸರ್ವಿಸ್ ಅದ.” ಅವರು ಕಪ್ಪನ್ನು ಕಟ್ಟೆಯ ಮೇಲಿಟ್ಟರು. “ಹೇಳಿದ್ರ ನೀ ಸಹಿ ಮಾಡ್ತಿದ್ದೇನು?”

“ಇಲ್ಲ.”

“ಅದಕ್ಕ ಹೇಳಲಿಲ್ಲ.”

ಅಷ್ಟು ಸರಳ. ನಾನು ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಸ್ನೇಹದಲ್ಲಿ ಅವರಿಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಅದೊಂದೇ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಹಿ ಮಾಡಿ ತಿಂದಿದ್ದ ಹೋಳಿಗೆಯ ನೆನಪಾಯಿತು.

ವರಾಂಡದಲ್ಲೇ ಐದು ನಿಮಿಷ ನಿಂತು ಯೋಚಿಸಿದೆ. ಕಚ್ಚಾ ಪ್ರತಿ ಅವರ ಮನೆಯಲ್ಲಿತ್ತು, ನನ್ನ ಕೈಲಿ ಪುರಾವೆ ಇರಲಿಲ್ಲ. ಇದ್ದರೂ ಒಳಗಿದ್ದವರಿಗೆ ಬ್ರೇಕೂ ಬೇಡ, ಚೈನೂ ಬೇಡ. ಅವರಿಗೆ ಬೇಕಾದದ್ದು, ಏನಾದರೂ ಆದರೆ ಹಿಡಿಯಲು ಒಂದು ಕೊರಳು. ಸೋಮವಾರ ಸೈಕಲ್ ನಿಂತರೆ ಮಂಗಳವಾರ ಹುಡುಗಿಯರು ನಿಲ್ಲುತ್ತಾರೆ. ಒಳಗೆ ಹೋದೆ.

“ಯಾರು ಹೊಣಿ ಅನ್ನೂದ ಪ್ರಶ್ನೆ ಆದ್ರ, ನಾ ಹೊಣಿ,” ಎಂದೆ. “ನಲವತ್ತೊಂದು ಸೈಕಲ್‌ಗೂ ನನ್ನ ಹೆಸರಿಲೆ ಬರಕೊಳ್ರಿ. ಯಾರರೆ ಬಿದ್ರ ನನ್ನ ಕೇಳ್ರಿ, ಇನ್‌ಚಾರ್ಜ್ ಮೇಡಂಗ ಕೇಳಬ್ಯಾಡ್ರಿ.”

ಅಷ್ಟು ಬೇಗ ಒಪ್ಪಿಗೆ ಸಿಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಧ್ಯಕ್ಷರ ಮುಖವೇ ಅರಳಿತು. ಪಾಲಕರ ಒಪ್ಪಿಗೆ ಇದ್ದರೆ ಸವಾರಿ ಮುಂದುವರಿಯಲಿ ಎಂದು ಠರಾವು ಮಾಡಿದರು. ಮುಚ್ಚಳಿಕೆ ಬರೆಯಬೇಕಲ್ಲ, ಚೊಕ್ಕ ಅಕ್ಷರ ಯಾರದು? ಕನ್ನಡ ಶಿಕ್ಷಕಿಯೇ ಬರೆದರು. ಈ ಸಲ ನಾನು ಓದಿದೆ. ಒಂದೊಂದು ಶಬ್ದದ ಕೆಳಗೆ ಬೆರಳಿಟ್ಟು, ಅವರು ಎದುರಿಗೆ ನಿಂತಿರುವಾಗಲೇ, ಮೂರು ಸಲ ಓದಿದೆ. ಅವರ ಕಣ್ಣು ತುಂಬಿ ಬಂದಿತ್ತು. ನನಗೆ ಕರುಣೆ ಬರಲಿಲ್ಲ, ಬರಲಿ ಎಂದು ಪ್ರಯತ್ನವನ್ನೂ ಮಾಡಲಿಲ್ಲ. ಸಹಿ ಮಾಡಿ ಪೆನ್ನು ಮುಚ್ಚಿದೆ.

ಗೆದ್ದೆ ಎಂದುಕೊಂಡೇ ಮನೆಗೆ ಹೋದೆ. ಸೋಮವಾರ ಗೇಟಿನ ಬಳಿ ನಿಂತು ಎಣಿಸಿದರೆ ಮೂವತ್ತನಾಲ್ಕು ಸೈಕಲ್. ಏಕೆಂದು ಹುಡುಗಿಯರೇ ಹೇಳಿದರು. ಸಭೆಗೆ ಮೊದಲೇ ಅಧ್ಯಕ್ಷರು ಆ ವರದಿಯ ಕೊನೆಯ ಹಾಳೆಯ ಫೋಟೋ ತೆಗೆದು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದರು. ಅಪಾಯಕಾರಿ ಎಂಬ ಶಬ್ದ, ಅದರ ಕೆಳಗೆ ನನ್ನ ಸಹಿ. ನಾನು ಮನೆ ಮನೆಗೆ ಹೋಗಿ ಮಾತಾಡಿದೆ. ಗುರುವಾರದ ಹೊತ್ತಿಗೆ ನಲವತ್ತಾದವು. ಬಾರದೇ ಉಳಿದವಳು ತಾಂಡಾದ ಹುಡುಗಿ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಜವಾನರ ಸೈಕಲ್ ತೆಗೆದುಕೊಂಡು ತಾಂಡಾಕ್ಕೆ ಹೋದೆ. ಅವಳ ಅಪ್ಪ ಗೌಂಡಿ ಕೆಲಸದಿಂದ ಆಗತಾನೇ ಬಂದು ಕೈಕಾಲಿನ ಸಿಮೆಂಟು ತೊಳೆಯುತ್ತಿದ್ದ. ಮರ್ಯಾದೆಯಿಂದ ಹೊರಸು ಹಾಕಿ ಕೂರಿಸಿದ, ನೀರು ಕೊಟ್ಟ. ನಾನು ಮುಚ್ಚಳಿಕೆಯ ವಿಷಯ ಹೇಳಿ, ಅದರ ಪ್ರತಿ ತೋರಿಸಿದೆ. ಅವನು ತನ್ನ ಫೋನು ತೆಗೆದು ಆ ಫೋಟೋ ನನ್ನ ಮುಂದೆ ಹಿಡಿದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದ.

“ಮೇಡಂ, ನಾ ಸಾಲಿ ಕಲತವ ಅಲ್ರೀ,” ಎಂದ. “ಡೇಂಜರ್ ಅದ ಅಂತ ನೀವ ಸಹಿ ಮಾಡೀರಿ. ಏನೂ ಆಗಂಗಿಲ್ಲ, ನಾ ಹೊಣಿ ಅಂತ ನೀವ ಸಹಿ ಮಾಡೀರಿ. ಯಾವ ಸಹಿ ನಂಬಲ್ರೀ ನಾ?”

ಮೊದಲಿನದು ಮೋಸದ್ದು ಎಂದೆ. ಓದದೇ ಹಾಕಿದೆ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ನನ್ನ ದನಿ ಕಳ್ಳರದಂತೆ ಕೇಳಿಸಿತು. ಓದಿದ ಟೀಚರ್ ಓದದೇ ಸಹಿ ಹಾಕುತ್ತಾಳೆಯೇ ಎಂದು ಅವನು ಕೇಳಲಿಲ್ಲ, ದೊಡ್ಡ ಮನುಷ್ಯ. “ನನಗ ಇರಾಕಿ ಒಬ್ಬಾಕೀ ಮಗಳ್ರೀ,” ಎಂದಷ್ಟೇ ಹೇಳಿದ. ಸೈಕಲ್ಲನ್ನು ಹುಡುಗಿಯ ಅಣ್ಣ ಕೆಲಸಕ್ಕೆಂದು ಕಲಬುರಗಿಗೆ ಒಯ್ದಿದ್ದ.

ಹುಡುಗಿ ಬಾಗಿಲಲ್ಲಿ ಬೋಗುಣಿ ಹಿಡಿದು ನಿಂತಿದ್ದಳು. ನಾನು ಹೊರಟು ನಿಂತಾಗ ಹತ್ತಿರ ಬಂದಳು. ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಾ ಕೇಳಿದಳು:

“ನೀವು ಹೇಳಿದಂಗ ಎಲ್ಲಾ ಮಾಡೀನಲ್ರೀ ಮೇಡಂ. ಒಮ್ಮೆನೂ ಬೀಳಲಿಲ್ಲಲ್ರೀ ನಾ. ಮತ್ತ ಯಾಕ್ರೀ ಹಂಗ ಬರದ್ರಿ?”